ಬಲಗಡೆಯ ಫ್ಲೋಟ್

ವಿಮಾನ ನೇರವಾಗಿ ಓಡಬೇಕಿತ್ತು, ಓಡಲಿಲ್ಲ. ಹಾಫ್ ಮೂನ್ ಕೊಲ್ಲಿಯ ತಿಳಿನೀರಿನ ಮೇಲೆ ಇಪ್ಪತ್ತು ಮೀಟರ್ ಹೋಗುವಷ್ಟರಲ್ಲೇ ಅದರ ಎಡಗಡೆಯ ಫ್ಲೋಟ್ ಮೂತಿ ತಗ್ಗಿಸಿ ನೀರಿಗಿಳಿಯಿತು. ಚಕ್ರ ಇರಬೇಕಾದಲ್ಲಿ ಈ ವಿಮಾನಕ್ಕೆ ದೋಣಿಯಾಕಾರದ ಎರಡು ಉದ್ದನೆಯ ಕಾಲುಗಳಿದ್ದವು. ಅವನ್ನೇ ಫ್ಲೋಟ್ ಎನ್ನುವುದು. ಎಡಗಾಲು ಮುಳುಗಿದ್ದೇ ತಡ, ಇಡೀ ವಿಮಾನ ಎಡಕ್ಕೆ ತಿರುಗಿ, ಗಾಣದ ಎತ್ತಿನ ಹಾಗೆ ಒಂದು ಸುತ್ತು ಹಾಕಿ, ರೆಕ್ಕೆಯ ತುದಿಯನ್ನು ನೀರಿಗೆ ಬಡಿದು ನಿಂತಿತು.

"ಇನ್ನೊಮ್ಮೆ," ಎಂದಳು ಹನೀನ್. ರಿಮೋಟ್ ಅವಳ ಕೈಯಲ್ಲಿತ್ತು.

ಇನ್ನೊಮ್ಮೆಯೂ ಎಡಕ್ಕೇ ಸುತ್ತಿತು. ಮೂರನೆಯ ಸಲವೂ ಅಷ್ಟೆ. ದಡದಲ್ಲಿ ನಿಂತಿದ್ದ ಝುನೈರಾ ತನಗರಿವಿಲ್ಲದೆ ಮೈಯನ್ನು ಬಲಕ್ಕೆ ವಾಲಿಸಿದ್ದಳು, ತಾನು ವಾಲಿದರೆ ಅದೂ ವಾಲೀತೆಂಬಂತೆ.

ಅದು ನಿಜವಾದ ವಿಮಾನವಲ್ಲ. ತೊಂಬತ್ತು ವರ್ಷಗಳ ಹಿಂದೆ ಜಗತ್ತಿನ ವೇಗದ ದಾಖಲೆ ಮುರಿದ ಇಂಗ್ಲಿಷ್ ರೇಸಿಂಗ್ ವಿಮಾನವೊಂದರ ಮೂರನೇ ಒಂದರಷ್ಟು ಗಾತ್ರದ ಮಾದರಿ. ರೆಕ್ಕೆಯ ಅಗಲವೇ ಮೂರು ಮೀಟರ್. ದಮ್ಮಾಮಿನ ಕೈಗಾರಿಕಾ ಪ್ರದೇಶದಲ್ಲಿ ಹನೀನಳ ವರ್ಕ್‌ಶಾಪ್ ಇತ್ತು. ಮ್ಯೂಸಿಯಮ್ಮುಗಳಿಗೆ ಇಂಥ ಮಾದರಿಗಳನ್ನು ಮಾಡಿಕೊಡುವುದು ಅಲ್ಲಿನ ಕಸುಬು. ಮುಂದಿನ ತಿಂಗಳು ಕಡಲತೀರದಲ್ಲಿ ನಡೆಯುವ ಪ್ರದರ್ಶನದಲ್ಲಿ ಈ ವಿಮಾನ ಹಾರಬೇಕಿರಲಿಲ್ಲ. ಜನರ ಕಣ್ಣೆದುರು ನೀರಿನ ಮೇಲೆ ನೆಟ್ಟಗೆ ಇನ್ನೂರು ಮೀಟರ್ ಓಡಿದರೆ ಸಾಕಿತ್ತು.

ಅದರ ನಕ್ಷೆ ಬರೆದವಳು ಝುನೈರಾ. ಭಟ್ಕಳದಲ್ಲಿ ಮೆಕ್ಯಾನಿಕಲ್ ಓದಿ, ಮದುವೆಯಾಗಿ ಬಂದು, ಹತ್ತೊಂಬತ್ತು ವರ್ಷ ದಮ್ಮಾಮಿನ ಫ್ಲ್ಯಾಟಿನಲ್ಲಿ ಕಳೆದು, ನಲವತ್ತೇಳನೆಯ ವಯಸ್ಸಿನಲ್ಲಿ ಹಿಡಿದ ಮೊದಲ ಕೆಲಸ ಇದು. ಮೂರು ತಿಂಗಳ ಪರೀಕ್ಷಾ ಅವಧಿ ಇನ್ನೆರಡು ವಾರಕ್ಕೆ ಮುಗಿಯುವುದರಲ್ಲಿತ್ತು. ನಕ್ಷೆಯಂತೆ ಫೈಬರ್ ಎರಕ ಹೊಯ್ದವರು ಅಬ್ದುಲ್ ಜಲೀಲ್. ಮಂಗಳೂರಿನ ಬೆಂಗ್ರೆಯಲ್ಲಿ ಮೀನುದೋಣಿ ಕಟ್ಟಿ ಬೆಳೆದ, ಐವತ್ತೇಳರ ಮನುಷ್ಯ. ಅವರ ಮನೆಮಾತು ಬ್ಯಾರಿ, ಇವಳದು ನವಾಯತಿ. ಇಬ್ಬರಿಗೂ ಸೇತುವೆಯಾಗಿ ಉಳಿದದ್ದು ಕನ್ನಡ.

ಜಲೀಲ್ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ನೀರಿಗಿಳಿದರು. ವಿಮಾನವನ್ನು ದಡಕ್ಕೆ ಎಳೆದು ತಂದು, ಎರಡೂ ಫ್ಲೋಟುಗಳ ಬೆನ್ನು ಸವರಿ, ಒಂದು ಕಣ್ಣು ಮುಚ್ಚಿ ಮೂತಿಯಿಂದ ಬಾಲದವರೆಗೆ ನೋಡಿದರು.

"ಎಂತ ಜಲೀಲ್ ಭಾಯ್?" ಎಂದು ಝುನೈರಾ ಕೇಳಿದಳು.

"ನನಗೆ ಸರಿಯೇ ಕಾಣ್ತದೆ ಮೇಡಂ. ಆದ್ರೆ ನನ್ನ ಕಣ್ಣಿಗೆ ಈಗ ಎಲ್ಲವೂ ಸರಿಯೇ ಕಾಣ್ತದೆ, ಅದೇ ತೊಂದರೆ." ಅವರು ನಗಲು ನೋಡಿದರು. "ಎಡದ್ದು ಒಂದು ನೂಲು ಓರೆ ಆಗಿರ್ಲಿಕ್ಕೂ ಸಾಕು. ಕೈ ಮೊದಲಿನ ಹಾಗೆ ಇಲ್ಲ. ಫೈಬರಿಗೆ ರೆಸಿನ್ ಅಂಟು ಹಚ್ಚುವಾಗ ಸ್ವಲ್ಪ ನಡುಗ್ತದೆ."

ಹನೀನಳಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ತನ್ನ ಕೈಯನ್ನೇ ನೋಡಿಕೊಳ್ಳುವ ಕೆಲಸಗಾರನ ಮುಖ ಓದಲು ಭಾಷೆ ಬೇಕಿಲ್ಲ. ಹಿಂತಿರುಗುವಾಗ ಕಾರಿನಲ್ಲಿ ಅವಳು ಝುನೈರಾಗೆ ಇಂಗ್ಲಿಷಿನಲ್ಲಿ ಹೇಳಿದಳು: "ಫ್ಲೋಟು ಓರೆಯಾಗಿದೆ. ಆ ಮನುಷ್ಯ ಎಷ್ಟು ಹೇಳಿದರೂ ಅಳತೆಪಟ್ಟಿ ಮುಟ್ಟುವುದಿಲ್ಲ, ಎಲ್ಲಾ ಕಣ್ಣಳತೆ. ಈ ತಿಂಗಳು ಅವನ ಇಕಾಮಾ ಮುಗಿಯುತ್ತದೆ. ನವೀಕರಿಸಬೇಡಿ ಎಂದು ಆಫೀಸಿಗೆ ಹೇಳುತ್ತೇನೆ. ಹಫ್ರ್ ಅಲ್ ಬಾತಿನ್ ಊರಿನಲ್ಲಿ ಒಬ್ಬ ಒಳ್ಳೆಯ ಫೈಬರ್ ಕೆಲಸಗಾರ ಇದ್ದಾನಂತೆ. ನೀನು ಜಲೀಲನಿಗೆ ಈಗಲೇ ಹೇಳಬೇಡ, ಪ್ರದರ್ಶನ ಮುಗಿಯಲಿ."

ಝುನೈರಾ ಹೂಂಗುಟ್ಟಿದಳು. ಹಿಂದೆ ಪಿಕಪ್ಪಿನಲ್ಲಿ ವಿಮಾನವನ್ನು ಹಗ್ಗದಿಂದ ಬಿಗಿದುಕೊಂಡು ಜಲೀಲ್ ಬರುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ಇಕಾಮಾ ಇಲ್ಲವೆಂದರೆ ಈ ನೆಲದಲ್ಲಿ ನಿಲ್ಲುವ ಹಕ್ಕೇ ಇಲ್ಲ. ಈ ಸುದ್ದಿ ಈಗ ತನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಮತ್ತೆ ಕನ್ನಡಿಯ ಕಡೆ ನೋಡಲು ಅವಳಿಗೆ ಮನಸ್ಸಾಗಲಿಲ್ಲ. ಅದು ಜಲೀಲರ ಮೇಲಿನ ಮರುಕ ಎಂದುಕೊಂಡಳು. ಅಷ್ಟೇ ಅಲ್ಲವೆಂದು ತಿಳಿಯಲು ಮರುದಿನ ಮಧ್ಯಾಹ್ನದವರೆಗೆ ಕಾಯಬೇಕಾಯಿತು.

ಈ ವಿಮಾನಗಳ ವಿಷಯವೇ ಅವಳಿಗೆ ಮೊದಲಿನಿಂದ ಗೊಂದಲ. ನಕ್ಷೆಯ ಜೊತೆಗೆ ಪ್ರದರ್ಶನದ ಗೋಡೆಬರಹಗಳನ್ನೂ ಅವಳೇ ಬರೆಯಬೇಕಿತ್ತು. ಸಾವಿರದ ಒಂಬೈನೂರ ಇಪ್ಪತ್ತೇಳರಿಂದ ಹನ್ನೊಂದು ವರ್ಷಕ್ಕೂ ಮಿಕ್ಕಿ ಜಗತ್ತಿನ ಅತಿವೇಗದ ವಿಮಾನಗಳೆಂದರೆ ನೀರಿನಿಂದ ಏಳುವ ವಿಮಾನಗಳೇ ಆಗಿದ್ದವು. ಹೊಟ್ಟೆಯಡಿ ಎರಡು ದೋಣಿ ಕಟ್ಟಿಕೊಂಡವು ಎಲ್ಲಕ್ಕಿಂತ ವೇಗವಾಗಿ ಹೋದದ್ದು ಹೇಗೆ? ಅವಳ ಗಂಡ ತಮೀಮ್ ಕೂಡ ಇದನ್ನೇ ಹಿಡಿದು ಆಡಿಸುತ್ತಿದ್ದ.

"ಓಟದ ಪಂದ್ಯಕ್ಕೆ ಕಾಲಿಗೆ ಎರಡು ಕೊಡ ಕಟ್ಟಿಕೊಂಡು ನಿಂತ ಹಾಗಾಯ್ತು. ಅದಕ್ಕೇ ತಬೂಕ್ ಕಡೆ ಕಡಲದಂಡೆಯಲ್ಲಿ ಒಂದು ನೀರ ವಿಮಾನ ಅರವತ್ತು ವರ್ಷದಿಂದ ಬಿದ್ದುಕೊಂಡಿರುವುದು. ಓಡಿ ಓಡಿ ಸುಸ್ತಾಗಿದೆ, ಪಾಪ."

"ಅದು ರೇಸಿನದ್ದಲ್ಲ. ಬೇರೆ ಜಾತಿ."

"ಹೌದಾ, ಅವುಗಳಲ್ಲೂ ಜಾತಿ ಉಂಟಾ?"

ಓದುತ್ತಾ ಹೋದಂತೆ ಉತ್ತರ ಸಿಕ್ಕಿತ್ತು. ವೇಗ ಬೇಕಾದರೆ ರೆಕ್ಕೆ ಚಿಕ್ಕದಾಗಬೇಕು. ರೆಕ್ಕೆ ಚಿಕ್ಕದಾದರೆ ನೆಲ ಬಿಡಲು ಮೈಲಿಗಟ್ಟಲೆ ಓಡಬೇಕು. ಆ ಕಾಲದಲ್ಲಿ ಅಷ್ಟುದ್ದದ ರನ್‌ವೇ ಎಲ್ಲಿಯೂ ಇರಲಿಲ್ಲ. ಕೊಲ್ಲಿಯೋ ಸರೋವರವೋ ಆದರೆ ಎಷ್ಟು ಬೇಕಾದರೂ ಉದ್ದ. ಹೊರೆಯಂತೆ ಕಾಣುವ ದೋಣಿಗಳೇ ವೇಗಕ್ಕೆ ದಾರಿ ಬಿಟ್ಟುಕೊಟ್ಟಿದ್ದವು. ಗಾಳಿಗೆ ಅಡ್ಡವಾಗುವ ರೇಡಿಯೇಟರನ್ನು ಕಿತ್ತುಹಾಕಿ ರೆಕ್ಕೆಯ ಚರ್ಮದ ಒಳಗೇ ಬಿಸಿನೀರು ಹರಿಸಿದ್ದರು, ಫ್ಲೋಟಿನ ಹೊಟ್ಟೆಯಲ್ಲೇ ಪೆಟ್ರೋಲು ತುಂಬಿದ್ದರು. ಒಂದೂ ಸುಮ್ಮನೆ ಇರಲಿಲ್ಲ. ಒಂದೊಂದು ಅಂಗವೂ ಎರಡೆರಡು ಕೆಲಸ ಮಾಡುತ್ತಿತ್ತು. ಅದನ್ನು ಓದಿದಾಗ ಝುನೈರಾಗೆ ಯಾರೋ ಪರಿಚಿತರ ಮನೆಗೆ ಬಂದಂತಾಗಿತ್ತು.

ಕೊಲ್ಲಿಯಿಂದ ಬಂದ ಮರುದಿನ, ತಮೀಮ್ ಅಂಗಡಿಗೆ ಹೋದ ಮೇಲೆ ಅವಳು ಮತ್ತೆ ಆ ಹಳೆಯ ಪುಟಗಳನ್ನು ತೆರೆದಳು. ಹೇಗಾದರೂ ಜಲೀಲರ ತಪ್ಪಲ್ಲ ಎನ್ನುವ ಒಂದು ಸಾಲು ಸಿಕ್ಕೀತೇನೋ ಎಂದು. ಇಟಲಿಯವರ ಕೆಂಪು ವಿಮಾನದ ಅಧ್ಯಾಯ ಬಂತು. ಎರಡು ಇಂಜಿನ್‌ಗಳನ್ನು ಒಂದರ ಹಿಂದೊಂದು ಜೋಡಿಸಿ, ಒಂದಕ್ಕೊಂದು ಎದುರಾಗಿ ತಿರುಗುವ ಎರಡು ಪ್ರೊಪೆಲ್ಲರ್ ಇಟ್ಟು, ಮೂವತ್ತನಾಲ್ಕರಲ್ಲಿ ಅವರು ಗಂಟೆಗೆ ಏಳುನೂರ ಒಂಬತ್ತು ಕಿಲೋಮೀಟರ್ ಮುಟ್ಟಿದ್ದರು. ಯಾಕೆ ಎದುರೆದುರು? ಪ್ರೊಪೆಲ್ಲರ್ ಒಂದು ಕಡೆ ತಿರುಗಿದರೆ ವಿಮಾನದ ಮೈ ಇನ್ನೊಂದು ಕಡೆ ತಿರುಚಿಕೊಳ್ಳುತ್ತದೆ. ಎರಡಿದ್ದರೆ ಒಂದರ ತಿರುಚನ್ನು ಇನ್ನೊಂದು ಕಳೆಯುತ್ತದೆ. ಹಾಗಾದರೆ ಒಂದೇ ಪ್ರೊಪೆಲ್ಲರಿನ ಇಂಗ್ಲಿಷರು ಏನು ಮಾಡಿದ್ದರು? ಮುಂದಿನ ಪುಟದಲ್ಲಿ, ಚಿತ್ರದ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಅದೂ ಇತ್ತು. ಬಲಗಡೆಯ ಫ್ಲೋಟಿಗೆ ಎಡಗಡೆಗಿಂತ ಹೆಚ್ಚು ಪೆಟ್ರೋಲು ತುಂಬುತ್ತಿದ್ದರು. ಇಂಜಿನ್ ಆರ್ಭಟಿಸಿ ಎಡಗಾಲನ್ನು ನೀರಿಗೆ ಒತ್ತಿದಾಗ ಬಲಗಡೆಯ ಭಾರ ಅದನ್ನು ತಡೆದು ಹಿಡಿಯುತ್ತಿತ್ತು.

ಝುನೈರಾ ಎರಡು ಸಲ ಓದಿದಳು. ಆಮೇಲೆ ತನ್ನ ನಕ್ಷೆ ತೆರೆದಳು. ಎಡ ಟ್ಯಾಂಕು ಏಳು ಲೀಟರ್. ಬಲ ಟ್ಯಾಂಕು ಏಳು ಲೀಟರ್.

ತಾನು ಮೊದಲು ಲೆಕ್ಕ ಹಾಕಿದ್ದು ಬೇರೆಯಿತ್ತಲ್ಲವೆ? ಮಸುಕಾದ ಹಳೆಯ ನಕ್ಷೆಯ ಅಂಕಿಗಳನ್ನು ಇಳಿಸಿದಾಗ ಎಡಕ್ಕೆ ಐದು, ಬಲಕ್ಕೆ ಒಂಬತ್ತು ಬಂದಿದ್ದ ನೆನಪು. ಅಥವಾ ಈಗ ಓದಿದ್ದರಿಂದ ಹಾಗೆ ನೆನಪಾಗುತ್ತಿದೆಯೋ? ನೋಟ್‌ಬುಕ್ ಹುಡುಕಿದಳು. ಪೆನ್ಸಿಲಿನಲ್ಲಿ ಐದು, ಒಂಬತ್ತು. ಎರಡನ್ನೂ ಹೊಡೆದುಹಾಕಿ ಏಳು, ಏಳು. ಪಕ್ಕದಲ್ಲಿ ತನ್ನದೇ ಅಕ್ಷರ: 'ಮುದ್ರಣ ದೋಷ? ಒಟ್ಟು ಹದಿನಾಲ್ಕು, ಸರಿ.' ಕೆಳಗೆ ತಾರೀಖು.

ಆ ದಿನ ಅತ್ತೆ ಮೆಕ್ಕಾದ ಉಮ್ರಾ ಯಾತ್ರೆ ಮುಗಿಸಿ ಊರಿಗೆ ಹೊರಟಿದ್ದರು. ಗಲ್ಫಿನ ಮನೆಗಳಲ್ಲಿ ಅಂಥ ದಿನ ಹೆಂಗಸರಿಗೆ ಬೇರೇನೂ ಕಾಣುವುದಿಲ್ಲ. ಬಾತ್‌ರೂಮಿನ ತೂಕದ ಯಂತ್ರ ಹಾಲಿಗೆ ಬರುತ್ತದೆ. ಎರಡು ಸೂಟ್‌ಕೇಸು, ತಲಾ ಇಪ್ಪತ್ಮೂರು ಕಿಲೋ. ಒಂದರಲ್ಲಿ ಖರ್ಜೂರ, ಜಮ್‌ಜಮ್ ನೀರು, ಹಾಲಿನ ಪುಡಿ ಸೇರಿ ಇಪ್ಪತ್ತೇಳಾದರೆ ಇನ್ನೊಂದು ಹತ್ತೊಂಬತ್ತರಲ್ಲಿ ನಿಂತಿರುತ್ತದೆ. ಅದರಿಂದ ತೆಗೆದು ಇದಕ್ಕೆ ಹಾಕು, ಇದರಿಂದ ತೆಗೆದು ಅದಕ್ಕೆ ಹಾಕು, ಎರಡೂ ಸಮ ಆಗುವವರೆಗೆ. ಝುನೈರಾ ಅಂದು ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಸೂಟ್‌ಕೇಸಿನ ಹಿಡಿ ಹಿಡಿದುಕೊಂಡಿದ್ದಳು. ಅತ್ತೆಯ ಪೆಟ್ಟಿಗೆಗಳನ್ನು ಸಮ ಮಾಡಿದ ಕೈಯೇ ಬಂದು ಕೂತು ಫ್ಲೋಟುಗಳನ್ನೂ ಸಮ ಮಾಡಿತ್ತು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಪೆಟ್ಟಿಗೆ. ಒಟ್ಟು ಸರಿಯಿದ್ದರೆ ಆಯಿತು, ಎರಡೂ ಸಮ ಇದ್ದರೆ ಆಯಿತು. ಹನೀನ್ ಕೂಡ ಒಟ್ಟನ್ನು ನೋಡಿ ಸಹಿ ಹಾಕಿದ್ದಳು.

ಮೊದಲು ಬಂದದ್ದು ಭಯ. ಅದು ಅರ್ಥವಾಗುವಂಥದು. ಅದರ ಬೆನ್ನಿಗೇ ಬಂದ ಇನ್ನೊಂದು ಭಾವ ಅರ್ಥವಾಗಲಿಲ್ಲ. ಈ ಊರಿಗೆ ಬಂದಾಗಿನಿಂದ ಅವಳ ಯಾವ ತಪ್ಪೂ ಅಡುಗೆಮನೆಯ ಬಾಗಿಲು ದಾಟಿರಲಿಲ್ಲ. ಇದು ದಾಟಿತ್ತು. ಸಮುದ್ರದವರೆಗೆ ಹೋಗಿತ್ತು. ಅವಳಿಗೆ ನಾಚಿಕೆಯ ಜೊತೆಗೆ ಒಂಥರಾ ಅಚ್ಚರಿಯೂ ಆಯಿತು. ಅಚ್ಚರಿಯಾದದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು.

ಎರಡು ದಿನ ಅವಳು ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು, ಪರೀಕ್ಷಾ ಅವಧಿ ಮುಗಿದ ಮೇಲೆ ಹೇಳಿದರಾಯಿತು, ಸದ್ದಿಲ್ಲದೆ ನಕ್ಷೆ ತಿದ್ದಿದರೆ ಸಾಲದೆ, ಎಂದೆಲ್ಲ ತನ್ನೊಳಗೇ ಚೌಕಾಸಿ ಮಾಡಿದಳು. ಜಲೀಲ್ ಮಾತ್ರ ವರ್ಕ್‌ಶಾಪಿನಲ್ಲಿ ಫ್ಲೋಟುಗಳನ್ನು ಬಿಚ್ಚಿ, ದಾರ ಕಟ್ಟಿ, ಅಳತೆಪಟ್ಟಿ ಹಿಡಿದು ಮತ್ತೆ ಮತ್ತೆ ಅಳೆಯುತ್ತಿದ್ದರು. ಬುಧವಾರ ಅವಳು ಹತ್ತಿರ ಹೋದಾಗ ಅವರು ತಲೆ ಎತ್ತಲಿಲ್ಲ.

"ಒಂದು ಮಿಲಿಮೀಟರ್ ವ್ಯತ್ಯಾಸ ಇಲ್ಲ ಮೇಡಂ. ಹಾಗಾದ್ರೆ ಪಟ್ಟಿ ಓದುವ ಕಣ್ಣೇ ಹೋಗಿರ್ಬೇಕು. ಮಗಳ ಹತ್ರ ಫೋನಿನಲ್ಲಿ ಹೇಳಿದೆ, ನಿನ್ನ ಅಪ್ಪನಿಗೆ ಇನ್ನು ದೋಣಿಗೆ ಬಣ್ಣ ಬಳಿಯುವ ಕೆಲಸವೇ ಗತಿ ಅಂತ."

"ಹಾಗೆ ಯಾಕೆ ಹೇಳ್ತೀರಿ?"

"ಮತ್ತೆಂತ ಹೇಳುದು? ಸರಿ ಉಂಟು ಅಂತ ಕಾಣ್ತದೆ, ನೀರಿಗೆ ಬಿಟ್ರೆ ಮುಳುಗ್ತದೆ. ಯಾವುದನ್ನು ನಂಬುದು?"

ಝುನೈರಾ ನೇರ ಹನೀನಳ ಕೋಣೆಗೆ ಹೋದಳು. ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಐದು ಮತ್ತು ಒಂಬತ್ತನ್ನು ಬೆರಳಿಟ್ಟು ತೋರಿಸಿದಳು. ಪುಸ್ತಕದ ಪುಟವನ್ನೂ ತೋರಿಸಿದಳು. "ತಪ್ಪು ನನ್ನದು," ಎಂದಳು.

ಹನೀನ್ ಬ್ರಿಟನ್ನಿನಲ್ಲಿ ಏರೋನಾಟಿಕ್ಸ್ ಓದಿ ಬಂದವಳು, ಮೂವತ್ತನಾಲ್ಕು ವಯಸ್ಸು. ಪೆನ್ಸಿಲಿನ ಅಂಕಿಗಳನ್ನು ನೋಡಿದಳು, ಝುನೈರಾಳ ಮುಖ ನೋಡಿದಳು, ಕುರ್ಚಿಗೆ ಒರಗಿದಳು.

"ನೀವಿಬ್ಬರೂ ಒಂದೇ ಊರಿನವರಾ?"

"ಅಲ್ಲ. ನೂರೈವತ್ತು ಕಿಲೋಮೀಟರ್ ದೂರ."

"ಇಲ್ಲಿಂದ ನೋಡಿದರೆ ಅದು ಒಂದೇ ಊರು. ಮೊನ್ನೆ ನಾನು ಹೇಳಿದ್ದನ್ನು ಕೇಳಿ ಅವನನ್ನು ಉಳಿಸಲು ನೋಡುತ್ತಿದ್ದೀಯ. ಒಳ್ಳೆಯ ಮನಸ್ಸು, ಆದರೆ ಪೆನ್ಸಿಲಿನಲ್ಲಿ ಏನು ಬೇಕಾದರೂ ಬರೆಯಬಹುದು. ಎರಡು ಲೀಟರ್ ಆಚೀಚೆ ಆದರೆ ಇಷ್ಟು ದೊಡ್ಡ ಯಂತ್ರ ಗಿರಕಿ ಹೊಡೆಯುತ್ತದೆಯೇ?"

ಝುನೈರಾ ತಬ್ಬಿಬ್ಬಾದಳು. ತಪ್ಪೊಪ್ಪಿಕೊಳ್ಳುವ ಮಾತನ್ನು ಎರಡು ದಿನ ಬಾಯಲ್ಲಿ ಹೊರಳಿಸಿದ್ದಳು. ಅದನ್ನು ಯಾರೂ ನಂಬದಿದ್ದರೆ ಮುಂದೇನು ಎಂದು ಯೋಚಿಸಿರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವಳಂತೆ ಕಿವಿ ಬಿಸಿಯಾಯಿತು. ನಿಜಕ್ಕೂ ತಾನು ಜಲೀಲರನ್ನು ಉಳಿಸಲಿಕ್ಕೇ ಇದನ್ನು ನಂಬಿದ್ದೇನೆಯೋ ಎಂಬ ಅನುಮಾನ ಅವಳಿಗೇ ಬಂತು.

"ಪರೀಕ್ಷೆ ಮಾಡಬಹುದು," ಎಂದಳು ಕಡೆಗೆ. "ಫ್ಲೋಟು ಓರೆಯಾಗಿದ್ದರೆ ಭಾರ ಬದಲಿಸಿದರೂ ಅದು ಎಡಕ್ಕೇ ಸುತ್ತಬೇಕು. ನನ್ನ ಅಂಕಿ ತಪ್ಪಾಗಿದ್ದರೆ ನೆಟ್ಟಗೆ ಹೋಗಬೇಕು. ಎಡದಿಂದ ಎರಡು ಲೀಟರ್ ತೆಗೆದು ಬಲಕ್ಕೆ ಕಟ್ಟೋಣ. ಬೇರೇನೂ ಮುಟ್ಟುವುದು ಬೇಡ."

ಹನೀನ್ ನೋಟ್‌ಬುಕ್ ಮುಚ್ಚಿ ಹಿಂದಕ್ಕೆ ತಳ್ಳಿದಳು. "ನಾಳೆ ಬೆಳಿಗ್ಗೆ. ಒಂದೇ ಓಟ. ಆಮೇಲೆ ಈ ಮಾತು ಎತ್ತಬಾರದು."

ಅಂದು ಸಂಜೆ ಊಟದ ಮೇಜಿನಲ್ಲಿ ಅವಳು ಇದನ್ನು ಹೇಳಿದಾಗ ತಮೀಮ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಅಂದರೆ ನೀನು ತಪ್ಪು ಮಾಡಿದ್ದೀ ಅಂತ ರುಜುವಾತು ಮಾಡಲಿಕ್ಕೆ ನೀನೇ ಹೋಗ್ತಾ ಇದ್ದೀಯಾ? ಜನ ವಕೀಲರನ್ನು ಹಿಡಿದು ಉಲ್ಟಾ ಮಾಡಿಸ್ತಾರೆ."

ಮಗಳು ಅರ್ವಾ ಹನ್ನೊಂದನೇ ತರಗತಿ. ಅವಳು ಫೋನಿನಿಂದ ಕಣ್ಣೆತ್ತಿದಳು. "ಮಮ್ಮಾ, ಸೋ ಅದು ಸ್ಟ್ರೇಟ್ ಹೋದ್ರೆ ನಿನ್ನ ಜಾಬ್ ಹೋಗ್ತದೆ?"

"ಹೋಗಬಹುದು."

"ಆದ್ರೂ ಸ್ಟ್ರೇಟ್ ಹೋಗ್ಲಿ ಅಂತ ನಿನಗೆ ಬೇಕಾ?"

"ಹೌದು," ಎಂದಳು ಝುನೈರಾ. ಮತ್ತೆ ಸ್ವಲ್ಪ ತಡೆದು, "ಗೊತ್ತಿಲ್ಲ," ಎಂದಳು. ತಮೀಮ್ ಅವಳ ತಟ್ಟೆಗೆ ಮೀನು ಬಡಿಸಿದ. ಅದು ಅವಳಿಗೆ ಹಿತವಾಯಿತು.

ಗುರುವಾರ ಬೆಳಿಗ್ಗೆ ಕೊಲ್ಲಿ ಕನ್ನಡಿಯ ಹಾಗಿತ್ತು. ದಡದಲ್ಲಿ ಅವರು ಮೂವರೇ. ಯಾಕೆ ಮತ್ತೆ ಬಂದೆವೆಂದು ಜಲೀಲರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಝುನೈರಾ ಎಡ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲಿನ ಬದಲು ಭಾರಕ್ಕೆಂದು ತುಂಬಿದ್ದ ನೀರಿನಲ್ಲಿ ಎರಡು ಲೀಟರನ್ನು ಅಳತೆಯ ಜಗ್ಗಿನಲ್ಲಿ ಹೊರಗೆ ತೆಗೆದಳು. ಆಮೇಲೆ ಕಾರಿನಿಂದ ಅರ್ಧ ಲೀಟರಿನ ನಾಲ್ಕು ಕುಡಿಯುವ ನೀರಿನ ಬಾಟಲಿ ತಂದು ಬಲಗಡೆಯ ಫ್ಲೋಟಿನ ಬೆನ್ನಿಗೆ ಟೇಪಿನಿಂದ ಸುತ್ತತೊಡಗಿದಳು. ಅವಳ ಅಬಾಯಾ ನಿಲುವಂಗಿಯ ಅಂಚು ನೀರಿನಲ್ಲಿ ತೇಲುತ್ತಿತ್ತು.

"ಇದೆಂತ ಮಾರಾಯ್ತಿ, ವಿಮಾನಕ್ಕೆ ಬಾಯಾರಿಕೆಯಾ?" ಎಂದರು ಜಲೀಲ್.

"ಹಿಡ್ಕೊಳ್ಳಿ ಭಾಯ್. ಗಟ್ಟಿ ಹಿಡ್ಕೊಳ್ಳಿ."

"ಹೀಗೆ ಕಟ್ಟಿದ್ರೆ ಬಲಕ್ಕೆ ವಾಲ್ತದೆ, ನೋಡಿ. ಈಗ್ಲೇ ವಾಲಿದೆ."

ನಿಜ. ನಿಂತ ನೀರಿನಲ್ಲಿ ವಿಮಾನ ಬಲಕ್ಕೆ ತುಸು ಓರೆಯಾಗಿ, ಹೆಗಲು ಇಳಿಬಿಟ್ಟವರ ಹಾಗೆ ನಿಂತಿತ್ತು. ನೋಡಿದರೆ ಯಾರಾದರೂ ತಪ್ಪೆನ್ನಬೇಕು. ಝುನೈರಾಳ ಕೈ ಹಿಂಜರಿಯಿತು. ಕಣ್ಣಿಗೆ ಸರಿ ಕಂಡದ್ದು ಮುಳುಗಿತ್ತು, ಈಗ ಕಣ್ಣಿಗೆ ತಪ್ಪು ಕಾಣುವುದನ್ನು ನೀರಿಗೆ ಬಿಡಬೇಕು. ಪುಸ್ತಕದ ಸಣ್ಣ ಅಕ್ಷರವನ್ನೇ ತಪ್ಪಾಗಿ ಓದಿದ್ದರೆ? ಎಡ ಬಲ ಅದಲುಬದಲಾಗಿದ್ದರೆ? ಮೂತಿಯ ಕಡೆಯಿಂದ ನೋಡಿದ ಬಲವೋ, ಪೈಲಟ್ ಕೂತ ಕಡೆಯಿಂದ ನೋಡಿದ ಬಲವೋ? ಪ್ರೊಪೆಲ್ಲರನ್ನು ಹಿಂದಿನಿಂದ ನೋಡಿ ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಬರೆದಳು. ಅದು ಗಡಿಯಾರದಂತೆ ತಿರುಗಿದರೆ ಮೈ ಅದಕ್ಕೆ ಎದುರು ತಿರುಚಿಕೊಳ್ಳಬೇಕು, ಎಡಗಾಲು ಕೆಳಗೆ ಹೋಗಬೇಕು. ಭಾರ ಬಲಕ್ಕೆ. ಹೌದು. ಹೌದೆ? ಇನ್ನೊಮ್ಮೆ ಬರೆದಳು.

"ಯಲ್ಲಾ, ಬಿಡಿ," ಎಂದಳು ಹನೀನ್.

ಇಂಜಿನ್ ಕಿವಿ ಗಡಚಿಕ್ಕುವಂತೆ ಗುಡುಗಿತು. ಜಲೀಲ್ ಬಾಲ ಬಿಟ್ಟರು. ವಿಮಾನ ಮುಂದೆ ಜಿಗಿದಾಗ ಎಡ ಫ್ಲೋಟು ಕೆಳಗಿಳಿಯತೊಡಗಿತು, ಆದರೆ ಅರ್ಧಕ್ಕೇ ನಿಂತಿತು. ವಾಲಿದ್ದ ಹೆಗಲು ಮೇಲೆದ್ದಿತು. ಎರಡೂ ಕಾಲು ಸಮಕ್ಕೆ ಬಂದವು. ಆಮೇಲೆ ಅದು ಎರಡು ಬಿಳಿಗೆರೆ ಎಳೆಯುತ್ತಾ ನೆಟ್ಟಗೆ ಹೋಯಿತು, ಹೋಗುತ್ತಲೇ ಇತ್ತು, ಇನ್ನೂರು ಮೀಟರಿನ ಗುರುತಿಗೆ ನೆಟ್ಟ ಬಾವುಟವನ್ನೂ ದಾಟಿ ಹೋಯಿತು. ಹನೀನ್ ಇಂಜಿನ್ ಆರಿಸಲು ಮರೆತು ನೋಡುತ್ತಿದ್ದಳು.

ಸದ್ದು ನಿಂತ ಮೇಲೆ ಮೊದಲು ಮಾತಾಡಿದವಳು ಅವಳೇ. "ಹಾಗಾದರೆ ತಪ್ಪು ನಿನ್ನದು."

"ಹೌದು."

"ಸಹಿ ನನ್ನದು," ಎಂದಳು ಹನೀನ್, ಯಾರಿಗೆ ಹೇಳಿದ್ದೋ ತಿಳಿಯದ ದನಿಯಲ್ಲಿ. ನಂತರ ಜಲೀಲರ ಕಡೆ ತಿರುಗಿ ಮುರುಕು ಹಿಂದಿಯಲ್ಲಿ, ಭಾನುವಾರ ಪಾಸ್‌ಪೋರ್ಟ್ ತನ್ನಿ, ಇಕಾಮಾ ನವೀಕರಣಕ್ಕೆ ಕಳಿಸಬೇಕು, ಎಂದಳು. ಕೊನೆಗೆ ಝುನೈರಾಗೆ: "ನಿನ್ನ ಪರೀಕ್ಷಾ ಅವಧಿಯನ್ನು ಇನ್ನು ಮೂರು ತಿಂಗಳು ಮುಂದುವರಿಸುತ್ತೇನೆ. ಇವತ್ತು ಇಷ್ಟೇ ಹೇಳಬಲ್ಲೆ." ಅದು ಶಿಕ್ಷೆಯೋ ಉಡುಗೊರೆಯೋ ಝುನೈರಾಗೆ ತಿಳಿಯಲಿಲ್ಲ. ಕೇಳುವ ಮೊದಲೇ ಹನೀನ್ ಫೋನು ಕಿವಿಗಿಟ್ಟು ಕಾರಿನ ಕಡೆ ನಡೆದಿದ್ದಳು.

ಜಲೀಲ್ ಸೊಂಟದವರೆಗಿನ ನೀರಿನಲ್ಲಿ ನಡೆದು ಹೋಗಿ ವಿಮಾನವನ್ನು ಹಿಂದಕ್ಕೆ ತರುತ್ತಿದ್ದರು. ಝುನೈರಾ ಎದುರು ಹೋಗಿ ಎಲ್ಲವನ್ನೂ ಹೇಳಿದಳು. ಐದು, ಒಂಬತ್ತು, ಏಳು. ಅವರ ಇಕಾಮಾದ ಮಾತೊಂದನ್ನು ಬಿಟ್ಟು. ಅವರು ಹನಿ ಬೀಳುವ ಬಾಟಲಿಗಳನ್ನು ನೋಡುತ್ತಾ ಕೇಳಿದರು. ಸಮಾಧಾನಪಟ್ಟಾರೆಂದು ಅವಳು ಕಾದಳು.

"ನಾಲ್ಕು ದಿನ," ಎಂದರು ಜಲೀಲ್. "ನಾಲ್ಕು ದಿನ ನಾನು ನನ್ನ ಕೈಯನ್ನೇ ಬೈದುಕೊಂಡು ಕೂತಿದ್ದೆ. ನಿಮಗೆ ಯಾವಾಗ ಗೊತ್ತಾದದ್ದು?"

"ಸೋಮವಾರ."

"ಸೋಮವಾರ," ಎಂದರು ಅವರು. ಸಿಟ್ಟಾಗಲು ಹೊರಟವರ ಮುಖ, ಆಗಲಾರದೆ ಬೇರೇನೋ ಆಯಿತು. ಫ್ಲೋಟಿನ ಮೇಲೆ ಅಂಗೈ ಇಟ್ಟು ಎರಡು ಸಲ ತಟ್ಟಿದರು, ಎಮ್ಮೆಯನ್ನು ತಟ್ಟುವ ಹಾಗೆ. "ಓರೆ ಇರ್ಲಿಲ್ಲ ಹಾಗಾದ್ರೆ."

"ಇರಲಿಲ್ಲ ಭಾಯ್."

"ಒಂದು ನೂಲೂ ಇರ್ಲಿಲ್ಲ."

"ಇಲ್ಲ."

ಅವಳು ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಆದರೆ ಅವರು ಆಗಲೇ ಮುಂದೆ ಹೋಗಿ ಎಡಗಡೆಯ ಫ್ಲೋಟನ್ನು ಹಿಡಿದು, ದಡ ಹತ್ತಿಸಲು ಬೆನ್ನು ಬಗ್ಗಿಸಿದ್ದರು.

"ನಾನು ಎಲ್ಲಿ ಹಿಡೀಲಿ?" ಎಂದಳು ಝುನೈರಾ.

"ಬಲಗಡೆ ಬನ್ನಿ," ಎಂದರು ಜಲೀಲ್, ತಿರುಗಿ ನೋಡದೆ. "ಭಾರ ಉಂಟು, ಮೊದಲು ಕಾಲು ಸರಿ ಊರಿ."